ಅವ್ವಂದಿರಿಲ್ಲದ ವಂಶವೃಕ್ಷ

ಹೋದ ವರ್ಷ ಜಾತ್ರೆಗೆಂದು ಊರಿಗೆ ಹೋದಾಗ ತವರುಮನೆಯ ಪಡಸಾಲೆಯ ಗೋಡೆಗೆ ಹೊಸದೊಂದು ಫ್ಲೆಕ್ಸ್ ಬಂದಿತ್ತು. ಎಂಟಡಿ ಅಗಲ, ಆರಡಿ ಎತ್ತರ. ನಡುವೆ ದೊಡ್ಡ ಆಲದ ಮರ. ಬುಡದಲ್ಲಿ ಮೂಲಪುರುಷನ ಹೆಸರು, ಕೊಂಬೆಗಳ ತುಂಬ ಹಸಿರು ಎಲೆ, ಎಲೆಗೊಂದು ಹೆಸರು. ಮೇಲೆ ಒಂದು ಮೂಲೆಗೆ ಬಸವಣ್ಣ, ಇನ್ನೊಂದು ಮೂಲೆಗೆ ಮನೆದೇವರು. ಕುಲ ಕೇಳಬೇಡಿರೆಂದವನ ಚಿತ್ರದ ಕೆಳಗೇ ಕುಲದ ಪಟ್ಟಿ ತೂಗುಹಾಕಿದ್ದು ಅಲ್ಲಿದ್ದ ಯಾರಿಗೂ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ಬಂದವರೆಲ್ಲ ಅದರ ಮುಂದೆ ನಿಂತು ತಮ್ಮ ಎಲೆ ಹುಡುಕಿ, ಅದರ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ಹುಡುಕಿದೆ. ಒಟ್ಟು 112 ಎಲೆಗಳಿದ್ದವು. ನನ್ನದಿರಲಿಲ್ಲ. ನಮ್ಮವ್ವನದಿರಲಿಲ್ಲ. ಏಳು ತಲೆಮಾರಿನ ಆ ಮರದಲ್ಲಿ ಒಂದೇ ಒಂದು ಹೆಣ್ಣಿನ ಹೆಸರೂ ಇರಲಿಲ್ಲ.

ಆ ಹೆಸರುಗಳಲ್ಲಿ ಮುಕ್ಕಾಲು ಪಾಲು ಕಲೆಹಾಕಿದವಳು ನಾನು.

ಮೂರು ವರ್ಷ ರಜೆಯಲ್ಲೆಲ್ಲ ತಿರುಗಿ, ಶಾಲೆಯ ದಾಖಲಾತಿ ರಜಿಸ್ಟರು, ಕೈಬರಹದ ಪಹಣಿ, ಹಳೆಯ ಲಗ್ನಪತ್ರಿಕೆ, ಮುದುಕಿಯರ ನೆನಪು ಎಲ್ಲವನ್ನೂ ಸೋಸಿ ನಾನೊಂದು ಪಟ್ಟಿ ಮಾಡಿದ್ದೆ. ಮನೆತನದ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿದ್ದೆ. ಅದರಲ್ಲಿ ಹೆಣ್ಣುಮಕ್ಕಳೂ ಇದ್ದರು, ಸೊಸೆಯಂದಿರೂ ಇದ್ದರು, ಅವರ ತವರಿನ ಹೆಸರೂ ಇತ್ತು. ಗುಂಪಿನಿಂದ ಫ್ಲೆಕ್ಸ್ ಅಂಗಡಿಗೆ ಹೋಗುವಷ್ಟರಲ್ಲಿ ಅರ್ಧಕ್ಕರ್ಧ ಜನ ಉದುರಿಹೋಗಿದ್ದರು. ಫೈಲು ತಿದ್ದಿದವನು ಕಾಕಾನ ಮೊಮ್ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಕೇಳಿದರೆ, "ಜಾಗ ಸಾಲಲಿಲ್ಲ ಅತ್ತಿ" ಎಂದ. ಪಾಪ, ಹುಡುಗನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ, ನೆಲ ನೋಡುತ್ತಿದ್ದ. ಫ್ಲೆಕ್ಸಿನ ಕೆಳಗಡೆ "ಶುಭ ಕೋರುವವರು" ಎಂದು ಕಾಕಾ ಮತ್ತವರ ಇಬ್ಬರು ಗಂಡುಮಕ್ಕಳ ಫೋಟೋಗಳಿಗೆ ಒಂದೂವರೆ ಅಡಿ ಜಾಗ ಸಾಕಷ್ಟು ಸಿಕ್ಕಿತ್ತು.

ಇದು ನಮ್ಮ ಮನೆಯ ಜಗಳವಷ್ಟೇ ಆಗಿದ್ದರೆ ಇಲ್ಲಿ ತಂದು ಹರಡುತ್ತಿರಲಿಲ್ಲ. ಮೂರು ವರ್ಷ ಈ ಕೆಲಸದಲ್ಲಿದ್ದುದರಿಂದ ಬೇರೆ ಮನೆತನಗಳ ವಂಶಾವಳಿಗಳೂ ನನ್ನ ಕೈಗೆ ಬಂದವು. ಕೆಲವು ರಟ್ಟು ಹಾಕಿದ ದಪ್ಪ ಪುಸ್ತಕಗಳು, ಸ್ವಾಮಿಗಳ ಆಶೀರ್ವಚನದೊಂದಿಗೆ. ಕೆಲವು ಕ್ಯಾಲೆಂಡರಿನಂತೆ ಸುತ್ತಿಟ್ಟ ಹಾಳೆ. ಬಹುಪಾಲು ನಮ್ಮ ಫ್ಲೆಕ್ಸಿನಂಥವೇ. ಹೆಚ್ಚೆಂದರೆ ಗಂಡಸಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಪತ್ನಿ" ಎಂದೊಂದು ಹೆಸರು, ಮುಂದೆ "ಮಕ್ಕಳು: 3 ಗಂಡು, 2 ಹೆಣ್ಣು" ಎಂದು ಲೆಕ್ಕ. ಗಂಡುಮಕ್ಕಳಿಗೆ ಹೆಸರಿದೆ, ಹೆಣ್ಣುಮಕ್ಕಳಿಗೆ ಸಂಖ್ಯೆ ಮಾತ್ರ. ದನಗಳ ಲೆಕ್ಕವನ್ನಾದರೂ ನಮ್ಮಲ್ಲಿ ಕಂದಿ, ಕೆಂಪಿ ಎಂದು ಹೆಸರು ಹಿಡಿದೇ ಹೇಳುತ್ತಾರೆ.

ಈ ಕೆಲಸ ಈಗ ನಿಮ್ಮ ವಯಸ್ಸಿನವರ ಪಾಲಿಗೆ ಬರುತ್ತಿದೆ ಎಂಬುದಕ್ಕೇ ನಾನು ಇದನ್ನು ಬರೆಯುತ್ತಿರುವುದು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗನನ್ನೋ ಹುಡುಗಿಯನ್ನೋ ಹಿಡಿದು, "ನಮ್ಮ ವಂಶವೃಕ್ಷ ಒಂದು ಮಾಡಿಕೊಡವಾ, ಎಲ್ಲಾರಿಗೂ ಕಳಸೋಣು" ಎನ್ನುವ ದೊಡ್ಡವರು ಎಲ್ಲ ಮನೆಗಳಲ್ಲೂ ಹುಟ್ಟಿಕೊಂಡಿದ್ದಾರೆ. ಮಾಡಿ, ಬೇಡವೆನ್ನುವುದಿಲ್ಲ. ಇದರಷ್ಟು ರುಚಿಯ ಕೆಲಸ ಬೇರೆ ಇಲ್ಲ. ಆದರೆ ಹೆಣ್ಣುಮಕ್ಕಳನ್ನು ತೆಗೆದು ಕೊಡು ಎಂದರೆ ಫೈಲು ಕೊಡಬೇಡಿ. ನಾನು ಕೊಟ್ಟು ಕೆಟ್ಟೆ.

ಮೊದಲು ಕಾಕಾನ ವಾದ ಕೇಳಿ. ಅವರು ದಡ್ಡರಲ್ಲ, ನನ್ನನ್ನು ಸಣ್ಣವಳಿದ್ದಾಗ ಹೆಗಲ ಮೇಲೆ ಹೊತ್ತು ಇದೇ ಜಾತ್ರೆ ತೋರಿಸಿದವರು. ಅಡ್ಡಮಾತಿಲ್ಲದೆ ಹೇಳಿದರು: "ನೋಡವಾ, ಹೆಣ್ಣಮಕ್ಕಳ ಹೆಸರು ಬರದು ಗ್ವಾಡಿಗೆ ಹಚ್ಚಿದ್ರ ನಾಳೆ ಅದನ್ನ ಹಿಡಕೊಂಡು ಕೋರ್ಟಿಗೆ ಹೋಗ್ತಾರ. ಮನಿ ಒಡದ ಹೋಗ್ತೇತಿ." ಅಲ್ಲಿಗೆ ಜಾಗದ ಮಾತು ಮುಗಿಯಿತು, ಜಮೀನಿನ ಮಾತು ಶುರುವಾಯಿತು.

ವಂಶವೃಕ್ಷ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಪ್ರೀತಿಯ ಮಾತಲ್ಲ, ಕಚೇರಿಯ ಮಾತು. ಅಪ್ಪ ತೀರಿಕೊಂಡರೆ ಹೊಲವನ್ನು ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಹೋಗಬೇಕು, ವಂಶವೃಕ್ಷ ತೆಗೆಸಬೇಕು. ಅದರಲ್ಲಿ ಯಾರಿದ್ದಾರೋ ಅವರು ವಾರಸುದಾರರು. ಯಾರಿಲ್ಲವೋ ಅವರು ಆಮೇಲೆ ತಾವು ಹುಟ್ಟಿದ್ದೇವೆಂದು ಸಾಬೀತು ಮಾಡಬೇಕು. ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಬರೆಸಿದವರು, ಬಿಡಲಾಗದಿದ್ದರೆ ಅರಿಶಿಣ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡವರು ಯಾವ ಊರಿನಲ್ಲಿಲ್ಲ ಹೇಳಿ. ಕಾನೂನು ಬದಲಾಗುತ್ತಲೇ ಬಂದಿದೆ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಆಗ ಮದುವೆಯಾಗದೆ ಇದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆದುಹಾಕಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇದು ಹುಟ್ಟಿನಿಂದಲೇ ಬರುವ ಹಕ್ಕು, ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದು ಹೇಳಿತು. ಹಾಗಾಗಿ ನಮ್ಮ ಪಡಸಾಲೆಯ ಗೋಡೆಯ ಮೇಲೆ ಹೆಸರಿದ್ದರೂ ಇಲ್ಲದಿದ್ದರೂ ಹಕ್ಕು ಅಲ್ಲೇ ಇದೆ.

ಹೀಗೆಂದು ನಾನು ಕಾಕಾಗೆ ಹೇಳಿದೆ. ಆಮೇಲೆ ಮನೆಗೆ ಬಂದು ವಕೀಲೆಯಾಗಿರುವ ಗೆಳತಿಯನ್ನು ವಿಚಾರಿಸಿದಾಗ ಕಾಕಾನ ಭಯ ಪೂರಾ ಹುಚ್ಚಲ್ಲ ಎಂದು ತಿಳಿಯಿತು. 1872ರ ಸಾಕ್ಷ್ಯ ಕಾಯಿದೆಯ 32ನೇ ಕಲಮಿನಲ್ಲಿ, ತೀರಿಹೋದವರು ಮನೆತನದ ಸಂಬಂಧಗಳ ಬಗ್ಗೆ ವಂಶಾವಳಿಯಲ್ಲೋ ಗೋರಿಯ ಕಲ್ಲಿನ ಮೇಲೋ ಮನೆತನದ ಭಾವಚಿತ್ರದ ಮೇಲೋ ವ್ಯಾಜ್ಯ ಹುಟ್ಟುವ ಮೊದಲೇ ಬರೆದಿಟ್ಟದ್ದನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಳ್ಳಬಹುದೆಂದು ಇದೆ. ಆ ಕಾಯಿದೆ ಹೋಗಿ 2024ರಲ್ಲಿ ಹೊಸದು ಜಾರಿಗೆ ಬಂದರೂ ಈ ಮಾತು ಉಳಿದಿದೆ. ಅಂದರೆ ನಾವು ಜಾತ್ರೆಯ ಸಂಭ್ರಮಕ್ಕೆಂದು ಹಾಕುವ ಫ್ಲೆಕ್ಸು ಮುಂದೆ ಯಾರದೋ ಕೈಯಲ್ಲಿ ಸಾಕ್ಷಿಯಾಗಬಹುದು. ಇದನ್ನು ತಿಳಿದ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು. ಹೆಸರು ಬರೆದರೆ ಸಾಕ್ಷಿಯಾಗುತ್ತದೆಂದಾದರೆ, ಬೇಕೆಂದೇ ಬಿಟ್ಟು ಬರೆದದ್ದು ಸುಳ್ಳು ಸಾಕ್ಷಿ. ಅದನ್ನು ಬಸವಣ್ಣನ ಫೋಟೋ ಹಾಕಿ ನೂರಾರು ನೆಂಟರಿಗೆ ಹಂಚುವುದೆಂದರೆ ಅವರನ್ನೂ ಆ ಸುಳ್ಳಿಗೆ ಪಂಚರನ್ನಾಗಿ ಮಾಡಿದಂತೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ಗುಂಪಿನಲ್ಲಿ ಮೂವರು ಬೇರೆಬೇರೆಯಾಗಿ ನನಗೆ ನೆನಪಿಸಿದರು. ಸರಿ, ಕೊಟ್ಟ ಹೆಣ್ಣು ಹೊರಗೆ. ತಂದ ಹೆಣ್ಣು? ಅವಳು ತವರಿನ ಪಟ್ಟಿಯಿಂದ ಹೊರಬಿದ್ದದ್ದೇ ಈ ಪಟ್ಟಿಗೆ ಬರಲೆಂದಲ್ಲವೆ? ಇಲ್ಲಿಯೂ ಇಲ್ಲ. ಎರಡು ಮನೆ ಬೆಳಗುವವಳು ಎಂದು ಮದುವೆಯಲ್ಲಿ ಹಾಡಿಸಿಕೊಂಡವಳು ಎರಡು ಮನೆಯ ಗೋಡೆಯ ಮೇಲೂ ಇಲ್ಲ.

ಮುದುಕಿಯರ ನೆನಪಿನ ಬಗ್ಗೆ ಸ್ವಲ್ಪ ಹೇಳಬೇಕು. ಈ ಮೂರು ವರ್ಷದಲ್ಲಿ ನನಗೆ ದಕ್ಕಿದ್ದೆಂದರೆ ಅದೇ.

ನಮ್ಮದು ಹಾವೇರಿ ಜಿಲ್ಲೆ, ವರದಾ ನದಿಯ ಸೀಮೆ. 1997ರವರೆಗೆ ಧಾರವಾಡ ಜಿಲ್ಲೆಯೇ ಆಗಿತ್ತು. ನನ್ನಪ್ಪನ ಹಿರಿಯಕ್ಕ, ನಾವೆಲ್ಲ ದೊಡ್ಡತ್ತಿ ಎನ್ನುವವಳು, ಹೊಳೆಯಾಚೆಯ ಊರಲ್ಲಿದ್ದಾಳೆ. ವಯಸ್ಸು ಎಂಬತ್ತಾರೋ ಎಂಬತ್ತೆಂಟೋ. ಅವಳು ಶಾಲೆಗೆ ಹೋಗಿಲ್ಲ, ಹಾಗಾಗಿ ಅವಳಿಗೆ ಜೂನ್ ಒಂದನೇ ತಾರೀಖಿನ ಜನ್ಮದಿನವೂ ಇಲ್ಲ. ಶಾಲೆಗೆ ಹೋದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಅದೇ ದಿನ ಹುಟ್ಟಿದ್ದಾರೆ, ಮಾಸ್ತರರ ಕೃಪೆ. ರಜಿಸ್ಟರು ನಂಬಿ ವಂಶವೃಕ್ಷ ಮಾಡಹೊರಟವರು ಈ ಜೂನ್ ಒಂದನ್ನು ಎದುರಿಸಲೇಬೇಕು.

ಮೊದಲ ಸಲ ಹೋದಾಗ ನಾನು ನೋಟ್‌ಬುಕ್ ತೆಗೆದು, "ಮುತ್ಯಾನ ಹೆಸರೇನ ಅತ್ತಿ, ಅವರಪ್ಪನ ಹೆಸರೇನ" ಎಂದು ಕಚೇರಿಯವರ ಹಾಗೆ ಕೇಳಿದೆ. ಮೂರನೇ ತಲೆಮಾರಿಗೆ ಅವಳಿಗೆ ಬೇಸರ ಬಂತು. ಎರಡನೇ ಸಲ ನೋಟ್‌ಬುಕ್ ಒಳಗಿಟ್ಟು ಶೇಂಗಾ ಸುಲಿಯುತ್ತ ಕೂತೆ. "ನಿಮ್ಮವ್ವನ ತವರು ಯಾವೂರು?" ಎಂದು ಕೇಳಿದ್ದೇ ತಡ, ಬಾಗಿಲು ತೆಗೆದಂತಾಯಿತು. ಅವ್ವನ ತವರು, ಅವ್ವನ ಅವ್ವನ ತವರು, ಅತ್ತೆಯ ತವರು, ಯಾವ ಊರಿನಿಂದ ಯಾರಿಗೆ ಯಾರನ್ನು ತಂದರು, ಬದಲಿಗೆ ಯಾರನ್ನು ಕೊಟ್ಟರು, ಬಸುರಿಯಾದವಳನ್ನು ಯಾವ ಹಳ್ಳ ದಾಟಿಸಿ ಚಕ್ಕಡಿಯಲ್ಲಿ ಕರೆತಂದರು, ಯಾರ ಕೂಸು ಉಳಿಯಲಿಲ್ಲ. ಗಂಡಸರ ಸಾಲಿನಲ್ಲಿ ಮೂರು ತಲೆಮಾರಿಗೆ ನಿಂತವಳು ಹೆಂಗಸರ ಸಾಲಿನಲ್ಲಿ ಐದು ತಲೆಮಾರು ಹತ್ತಿದಳು. ಅವಳ ತಲೆಯಲ್ಲಿದ್ದದ್ದು ಮರವಲ್ಲ. ಊರಿನಿಂದ ಊರಿಗೆ ಹಾಕಿದ ಹೊಲಿಗೆ, ಒಂದು ಕೌದಿಯ ಹಾಗೆ.

ಆದರೆ ಆ ಐದು ತಲೆಮಾರಿನಲ್ಲೂ ಎಷ್ಟೋ ಹೆಂಗಸರ ಸ್ವಂತ ಹೆಸರು ಅವಳಿಗೆ ಗೊತ್ತಿರಲಿಲ್ಲ. "ಬಂಕಾಪುರದಕಿ", "ಸವಣೂರಕಿ", "ಹಾನಗಲ್ಲಕಿ". ಸೊಸೆಯಂದಿರನ್ನು ತವರೂರಿನ ಹೆಸರಿನಿಂದ ಕರೆಯುವುದು ನಮ್ಮ ಕಡೆಯ ಪದ್ಧತಿ. ಅದರ ಮೇಲೆ ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಹೀಗೆ ಒಬ್ಬಳಿಗೆ ತವರಿನಲ್ಲಿ ಒಂದು ಹೆಸರು, ಅತ್ತೆಮನೆಯಲ್ಲಿ ಇನ್ನೊಂದು, ಬಾಯಲ್ಲಿ ಉಳಿದದ್ದು ಮೂರನೆಯದು. ಒಬ್ಬಳು ಮುತ್ತಜ್ಜಿಯನ್ನು ಇಬ್ಬರೆಂದು ತಿಳಿದು ನಾನು ಆರು ತಿಂಗಳು ಹುಡುಕಾಡಿದ್ದೇನೆ. ಪಹಣಿಯಲ್ಲಿ ಒಬ್ಬಳು, ದೊಡ್ಡತ್ತಿಯ ಬಾಯಲ್ಲಿ ಇನ್ನೊಬ್ಬಳು. ಕೊನೆಗೆ ಇಬ್ಬರೂ ಒಂದೇ ಊರಿನ ಒಂದೇ ಮನೆಯ ಮಗಳೆಂದು ತಿಳಿದಾಗ ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕೆ. ಹೀಗೆ ಹುಡುಕಿ ತಂದ ಹೆಸರನ್ನು ಹುಡುಗ ಒಂದು ಬಟನ್ ಒತ್ತಿ ಅಳಿಸಿದ.

ಅಪ್ಪನ ಸಾಲನ್ನಷ್ಟೇ ಹಿಡಿದು ವಂಶ ಎನ್ನುವುದು ಪ್ರಕೃತಿಯ ನಿಯಮವೇನಲ್ಲ. ನಮ್ಮದೇ ರಾಜ್ಯದ ಕರಾವಳಿಯಲ್ಲಿ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ, ಮನೆತನ ನಡೆಯುವುದು ಅವಳ ಸಾಲಿನಲ್ಲಿ. ಹಾವೇರಿಯಿಂದ ಘಟ್ಟ ಇಳಿದು ಹೋದರೆ ವಂಶದ ವ್ಯಾಕರಣವೇ ಬೇರೆ. ಇನ್ನು ರಕ್ತದ ಲೆಕ್ಕ ಹಿಡಿದರಂತೂ ನಮ್ಮ ಫ್ಲೆಕ್ಸು ನಗೆಪಾಟಲು. ನನಗೆ ಹೆತ್ತವರು ಇಬ್ಬರು, ಅವರನ್ನು ಹೆತ್ತವರು ನಾಲ್ವರು, ಅವರನ್ನು ಹೆತ್ತವರು ಎಂಟು. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ ಆ ಒಂದೇ ಮೆಟ್ಟಿಲಿನಲ್ಲಿ 1,024 ಸ್ಥಾನಗಳು, ಹತ್ತೂ ಮೆಟ್ಟಿಲು ಕೂಡಿಸಿದರೆ 2,046. ಅಪ್ಪನ ಅಪ್ಪನ ಅಪ್ಪ ಎಂದು ಹೋಗುವ ಸಾಲು ಅದರಲ್ಲಿ ಹತ್ತು ಜನರನ್ನು ಆರಿಸಿ ಇವರೇ ನಿನ್ನ ವಂಶ ಎನ್ನುತ್ತದೆ.

ಸ್ಥಾನಗಳು ಎಂದೆ, ಜನ ಎನ್ನಲಿಲ್ಲ. ನಮ್ಮಲ್ಲಿ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಕೂತಿರುತ್ತಾರೆ. ನನ್ನಜ್ಜ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಹಾಗಾಗಿ ನನ್ನಪ್ಪನಿಗೆ ಅಪ್ಪನ ಕಡೆಯಿಂದ ಅಜ್ಜ-ಅಜ್ಜಿಯಾದವರೇ ಅವ್ವನ ಕಡೆಯಿಂದ ಮುತ್ತಜ್ಜ-ಮುತ್ತಜ್ಜಿ. ಈ ಸಂಗತಿಯನ್ನು ಪರದೇಶದಲ್ಲಿ ಮಾಡಿದ ವಂಶವೃಕ್ಷದ ಆ್ಯಪಿಗೆ ಹಾಕಿದಾಗ ಅದು ಗೆರೆ ಎಲ್ಲಿಗೆ ಎಳೆಯಬೇಕೆಂದು ತಿಳಿಯದೆ ಒಂದರ ಮೇಲೊಂದು ಎಳೆದು ಜೇಡರಬಲೆ ಮಾಡಿತು. ಗಂಡಸರ ಮರದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆ ಅಕ್ಕ ಇಲ್ಲ, ಅಕ್ಕನ ಮಗಳೂ ಇಲ್ಲ, ಅಜ್ಜ ಒಬ್ಬನೇ ಮಕ್ಕಳನ್ನು ಹೆತ್ತು ಎಲೆಯ ಮೇಲೆ ಕೂತಿದ್ದಾನೆ.

ನಮ್ಮ ಗುಂಪಿನಲ್ಲಿ ಇನ್ನೊಂದು ರೋಗವೂ ಇದೆ. ಹುಬ್ಬಳ್ಳಿಯಲ್ಲಿರುವ ನೆಂಟರೊಬ್ಬರು ನಮ್ಮ ಮೂಲವನ್ನು ವಿಜಯನಗರದ ದಂಡನಾಯಕನೊಬ್ಬನಿಗೆ ಒಯ್ದು ಕಟ್ಟಿದರು. ಆಧಾರ ಕೇಳಿದೆ. ವಾಟ್ಸಾಪಿನಲ್ಲಿ ಬಂದಿತ್ತು ಎಂದರು. ಐನೂರು ವರ್ಷದ ಹಿಂದಿನ ದಂಡನಾಯಕನಿಗೆ ಆಧಾರ ಬೇಡ, ಎದುರಿಗೆ ಕೂತ ಹೆಂಡತಿಯ ಹೆಸರು ಬರೆಯಲು ಮಾತ್ರ ನೂರೆಂಟು ವಿಚಾರಣೆ.

ಈಗ ನಿಜವಾಗಿ ಜಗಳ ಹತ್ತಿದ ಸಂಗತಿಗೆ ಬರುತ್ತೇನೆ.

ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಮೊದಲೆಲ್ಲ ಎತ್ತಿನ ಮೇಲೆ ಕೂತು, ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ನನ್ನ ಕಾಲಕ್ಕೆ ಎತ್ತು ಹೋಗಿ ಬೈಕು ಬಂದಿತ್ತು. ಮನೆ ಮುಂದೆ ನಿಂತು ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು, ಯಾವ ಊರಿನಿಂದ ವಲಸೆ ಬಂದಿರಿ, ನಿಮ್ಮ ಬೆಡಗು ಯಾವುದು, ಮನೆದೇವರು ಯಾರು ಎಂದು ಒಪ್ಪಿಸುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಕಾಳು, ಬಟ್ಟೆ, ದುಡ್ಡು ತೆಗೆದುಕೊಂಡು ಹೋಗುವುದು ಅವರ ಕುಲಕಸುಬು. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಿಗೆ ಇವರ ದಫ್ತರಗಳೇ ಇತಿಹಾಸ. ಎರಡು ವರ್ಷದ ಹಿಂದೆ ನಮ್ಮ ಮನೆಯ ಹೆಳವನನ್ನು ಹುಡುಕಿಸಿ ಕರೆಸಿದೆ. ಅವನು ದಫ್ತರ ಬಿಚ್ಚಿ ಓದುತ್ತ ನನ್ನ ಮುತ್ತಜ್ಜನ ಹೆಸರಿಗೆ ಬಂದಾಗ, "ಎರಡ ಮನಿ" ಎಂದ. ನಾನು ನಿಲ್ಲಿಸಿದೆ. ಎರಡು ಮನೆ ಅಂದರೆ? "ಒಂದು ಧಾರಿ ಎರದ ಮನಿ, ಒಂದು ಉಡಿಕಿ ಮನಿ." ಅಲ್ಲಿದ್ದ ಹಿರಿಯರೊಬ್ಬರು ಅದು ತಪ್ಪು ಬರೆದದ್ದಿರಬೇಕು, ಹೊಡೆದುಹಾಕು ಎಂದರು. ಹೆಳವ ಹೇಳಿದ: "ಬರದದ್ದ ಓದೂದಷ್ಟ ನನ್ನ ಕೆಲಸ ಗೌಡ್ರ. ಹೊಡದ ಹಾಕಾಕ ನಮ್ಮ ಹಿರ್‍ಯಾರು ಕಲಿಸಿಲ್ಲ."

ಉಡಿಕಿ ಎಂದರೆ ಗಂಡ ಸತ್ತವಳಿಗೋ ಬಿಟ್ಟವಳಿಗೋ ಸೀರೆ ಉಡಿಸಿ ಮಾಡುವ ಎರಡನೇ ಮದುವೆ. ನಮ್ಮ ಸೀಮೆಯ ಹಲವು ಜಾತಿಗಳಲ್ಲಿ ಹಿಂದಿನಿಂದ ನಡೆದುಬಂದದ್ದು. ವಿಧವೆಯ ತಲೆ ಬೋಳಿಸಿದ ಸಮಾಜಗಳ ಎದುರು ನಾವು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಪದ್ಧತಿ ಅದು. ಆದರೆ ಮೇಲಿನವರನ್ನು ನೋಡಿ ನಾಚಲು ಕಲಿತೆವು. ನನ್ನ ಮುತ್ತಜ್ಜನ ಮೊದಲ ಹೆಂಡತಿ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡಿದ್ದಳು. ಉಡಿಕಿಯಾಗಿ ಬಂದವಳು ಆಕೆಯ ಮಕ್ಕಳನ್ನೂ ಸಾಕಿ, ತಾನೂ ಒಬ್ಬ ಮಗನನ್ನು ಹೆತ್ತಳು. ಅಂದರೆ ನನ್ನಜ್ಜನನ್ನು ಉಣಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಇದನ್ನು ಹೇಳಿದವಳು ದೊಡ್ಡತ್ತಿ, ಅದೂ ನಾನು ಹೆಳವನ ಮಾತನ್ನು ಮುಂದಿಟ್ಟ ಮೇಲೆ.

ಮುಂದಿನದನ್ನು ಕಾಗದಗಳು ಹೇಳಿದವು. ಮುತ್ತಜ್ಜ ತೀರಿಕೊಂಡ ಮೇಲೆ ಅವಳ ಅನ್ನವಸ್ತ್ರಕ್ಕೆಂದು ಎರಡು ಎಕರೆ ಬಿಟ್ಟದ್ದು ಹಕ್ಕು ಬದಲಾವಣೆಯ ರಜಿಸ್ಟರಿನಲ್ಲಿ ಕುಲಕರ್ಣಿಯ ಕೂಡುಬರಹದಲ್ಲಿದೆ. ಏಳು ವರ್ಷದ ನಂತರದ ಇನ್ನೊಂದು ದಾಖಲೆಯಲ್ಲಿ ಅವಳು ಅದನ್ನು "ಸ್ವಸಂತೋಷದಿಂದ" ಮೈದುನನಿಗೆ ಬಿಟ್ಟುಕೊಟ್ಟಿದ್ದಾಳೆ. ಕೆಳಗೆ ಹೆಬ್ಬೆಟ್ಟು. ಓದುಬರಹ ಬಾರದ, ಹತ್ತು ವರ್ಷದ ಮಗನಿದ್ದ ಹೆಂಗಸು ತನ್ನ ಅನ್ನದ ಹೊಲವನ್ನು ಯಾವ ಸಂತೋಷದಲ್ಲಿ ಬಿಟ್ಟುಕೊಟ್ಟಳೆಂದು ನಾನು ಊಹಿಸಬಲ್ಲೆ, ಸಾಬೀತು ಮಾಡಲಾರೆ. ಆಮೇಲೆ ಅವಳು ಮಗನನ್ನು ಕಟ್ಟಿಕೊಂಡು ತವರಿಗೆ ಹೋದಳು. ಅಲ್ಲಿಗೆ ನಮ್ಮ ಮರದಿಂದ ಒಂದು ಕೊಂಬೆ ಕಡಿದಂತಾಯಿತು.

ಆ ಕೊಂಬೆಯವಳೊಬ್ಬಳು ಹೋದ ವರ್ಷ ನನಗೆ ಫೋನು ಮಾಡಿದಳು. ಆಸ್ಪತ್ರೆಯಲ್ಲಿ ನರ್ಸು. ನಾನು ವಂಶಾವಳಿ ಮಾಡುತ್ತಿರುವುದು ಯಾರಿಂದಲೋ ಅವಳಿಗೆ ತಿಳಿದಿತ್ತು. ಹೊಲ ಕೇಳಲಿಲ್ಲ. "ಅಕ್ಕಾರ, ನಮ್ಮ ತಮ್ಮಗ ಹೆಣ್ಣು ನೋಡಾಕತ್ತೀವ್ರಿ. ಎಲ್ಲಿ ಹೋದ್ರೂ ನೀವು ಯಾರ ಪೈಕಿ, ಬೆಡಗು ಯಾವುದು ಅಂತ ಕೇಳ್ತಾರ. ನಮ್ಮಪ್ಪಗ ಗೊತ್ತಿಲ್ರಿ. ಅಜ್ಜಗ ಗೊತ್ತಿತ್ತು, ಹೇಳಲಿಲ್ಲ. ನಮ್ಮ ಹೆಸರು ಹಾಕ್ತೀರೇನ್ರಿ?"

ಯಾರ ಪೈಕಿ ಎಂಬ ಪ್ರಶ್ನೆಗೆ ನಮ್ಮ ಕಡೆ ಉತ್ತರವಿಲ್ಲದೆ ಇರುವುದೆಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ನಾನು ಹಾಕಿದೆ. ನಾಲ್ಕು ತಲೆಮಾರು, 19 ಜನ. ಗುಂಪಿನಲ್ಲಿ ಬಿರುಗಾಳಿ ಎದ್ದಿತು. ಮೂವರು ಗುಂಪು ಬಿಟ್ಟು ಹೋದರು, ಅದರಲ್ಲೊಬ್ಬರು ಮರುದಿನ ಬೆಳಗಿನ ಶುಭೋದಯ ಕಳಿಸಲಾಗದ ಸಂಕಟಕ್ಕೆ ವಾಪಸು ಬಂದರು. ನನಗೆ ಬಂದ ಮಾತುಗಳಲ್ಲಿ ಹೆಚ್ಚು ನಾಟಿದ್ದು ಇದು: ಸತ್ತವರ ಗುಟ್ಟು ಬಯಲು ಮಾಡುವ ಅಧಿಕಾರ ನಿನಗೆ ಯಾರು ಕೊಟ್ಟರು?

ಯಾರ ಗುಟ್ಟು ಅದು? ಉಡಿಕಿಯಾದದ್ದು ಅವಳಿಗೆ ಗುಟ್ಟಾಗಿರಲಿಲ್ಲ, ಊರಿಗೆ ಗುಟ್ಟಾಗಿರಲಿಲ್ಲ, ಹೆಳವನ ದಫ್ತರದಲ್ಲಿ ಮಸಿಯಲ್ಲಿ ಬರೆದಿತ್ತು. ಗುಟ್ಟು ಮಾಡಿದ್ದು ಎರಡು ಎಕರೆ ತಿಂದವರು. ಮನೆತನದ ಮರ್ಯಾದೆ ಎಂದು ನಾವು ಕಾಯುತ್ತಿರುವುದರಲ್ಲಿ ಎಷ್ಟು ಪಾಲು ಮರ್ಯಾದೆ, ಎಷ್ಟು ಪಾಲು ಖಾತೆ ಉತಾರ ಎಂದು ಬಿಡಿಸಿ ನೋಡಿದವರಿಲ್ಲ. ಬೇರೆ ಜಾತಿಯವಳನ್ನು ಮದುವೆಯಾಗಿ ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಎಲೆ ಆ ಫ್ಲೆಕ್ಸಿನಲ್ಲಿ ಇದೆ, ಅದರಿಂದ ಮುಂದೆ ಏನೂ ಚಿಗುರಿಲ್ಲ. ಅವನಿಗೆ ಇಬ್ಬರು ಮಕ್ಕಳು. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ ಬಂದದ್ದು 1965ರಲ್ಲಿ. ವಂಶದ ಶುದ್ಧಿಯನ್ನೇ ಬದುಕಾಗಿಸಿಕೊಂಡಿದ್ದ ಶ್ರೋತ್ರಿಗಳಿಗೆ ಕೊನೆಗೆ ತಮ್ಮ ಹುಟ್ಟೇ ತಾವು ನಂಬಿದ್ದ ವಂಶದ್ದಲ್ಲವೆಂದು ತಿಳಿಯುತ್ತದೆ. ಅದನ್ನು ಓದಿ ಕಣ್ಣೀರು ಹಾಕಿದ ಓದುಗರು ನಮ್ಮ ಮನೆಯಲ್ಲೂ ಇದ್ದಾರೆ. ಪುಸ್ತಕ ಮುಚ್ಚಿ ಪಡಸಾಲೆಗೆ ಬಂದು ಮರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ನಾನು ಮಾಡಿದ ತಪ್ಪನ್ನೂ ಹೇಳದಿದ್ದರೆ ನಾನೂ ಎಲೆ ಹರಿದವಳೇ. ಗುಂಪಿಗೆ ಕಳಿಸಿದ ಆ ಮೊದಲ ಪಟ್ಟಿಯಲ್ಲಿ ನನ್ನ ಚಿಗವ್ವನೊಬ್ಬಳ ಹೆಸರಿನ ಮುಂದೆ "ಮೊದಲ ಗಂಡ" ಎಂದು ಇನ್ನೊಂದು ಹೆಸರು ಬರೆದಿದ್ದೆ. ಹನ್ನೊಂದು ವರ್ಷಕ್ಕೆ ಮದುವೆ, ತಿಂಗಳೊಪ್ಪತ್ತಿನಲ್ಲಿ ಗಂಡ ಹಾವು ಕಡಿದು ಸತ್ತದ್ದು, ಆಮೇಲೆ ಈಗಿನ ಕಾಕಾನ ಜೊತೆ ಉಡಿಕಿ. ನನಗದು ಸಿಕ್ಕ ಮಾಹಿತಿ, ಹೆಮ್ಮೆಯಿಂದ ಬರೆದೆ. ಅವಳ ಸೊಸೆ ಫೋನಿನಲ್ಲಿ ಓದಿ ಮನೆಮಂದಿಗೆಲ್ಲ ಹೇಳಿದಳು. ಮಕ್ಕಳಿಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಿಗವ್ವ ನನಗೆ ಬೈಯಲಿಲ್ಲ. "ನನ್ನ ಒಂದ ಮಾತು ಕೇಳಬೇಕಿತ್ತಲ್ಲವಾ" ಎಂದಳು, ಅಷ್ಟೆ. ನಾಲ್ಕು ತಿಂಗಳು ನನ್ನ ಫೋನು ಎತ್ತಲಿಲ್ಲ.

ಬದುಕಿರುವವರ ಬಾಳು ಅವರದು. ಅದನ್ನು ಹಂಚುವ ಮೊದಲು ಅವರ ಮುಂದೆ ಕೂತು ಓದಿಹೇಳಬೇಕು, ಬೇಡವೆಂದರೆ ತೆಗೆಯಬೇಕು. ಅವರಿದ್ದಾರೆ ಎಂಬುದನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ, ಅವರಿಗೆ ಏನಾಯಿತೆಂದು ಡಂಗುರ ಸಾರುವ ಹಕ್ಕು ನನಗಿಲ್ಲ. ಈ ಎರಡರ ನಡುವಿನ ಗೆರೆ ನನಗೆ ಚಿಗವ್ವನನ್ನು ನೋಯಿಸಿದ ಮೇಲೆ ಕಂಡಿತು. ಮಕ್ಕಳ ಜನ್ಮದಿನಾಂಕ, ಫೋನು ನಂಬರು, ವಿಳಾಸಗಳನ್ನು ಇನ್ನೂರು ಜನರ ಗುಂಪಿಗೆ ಸುರಿಯುವುದಂತೂ ಶುದ್ಧ ಪೆದ್ದುತನ, ಅದನ್ನೂ ಮಾಡಿದ್ದೆ. ನೀವು ಗಮನಿಸಿರಬಹುದು, ಹೆಸರಿಗಾಗಿ ಇಷ್ಟು ಜಗಳವಾಡುತ್ತ ಇಲ್ಲಿ ಒಬ್ಬರ ಹೆಸರನ್ನೂ ಹೇಳಿಲ್ಲ. ಉಡಿಕಿಯ ಮುತ್ತಜ್ಜಿಯ ಹೆಸರನ್ನಾದರೂ ಬರೆಯಬೇಕೆಂದು ಬಹಳ ಆಸೆಯಿತ್ತು. ನರ್ಸ್ ಹುಡುಗಿಯನ್ನು ಕೇಳಿದೆ. "ಮನಿಯವರ ಪುಸ್ತಕದಾಗ ಇರಲ್ರಿ ಅಕ್ಕಾರ, ಹೊರಗ ಬ್ಯಾಡ್ರಿ, ತಮ್ಮನ ಮದುವಿ ಆಗಲಿ" ಎಂದಳು.

ಈ ಸಲ ಫೈಲು ಕಳಿಸಲಿಲ್ಲ. ಇನ್ನೂರು ಪುಟದ ಉದ್ದ ನೋಟ್‌ಬುಕ್ಕುಗಳನ್ನು ತಂದು, ಕೈಯಲ್ಲೇ ಬರೆದು, ಜೆರಾಕ್ಸ್ ಹಾಳೆ ಅಂಟಿಸಿ ಮನೆಗೊಂದರಂತೆ ಹದಿನಾಲ್ಕು ಪ್ರತಿ ಮಾಡಿದ್ದೇನೆ. ಪ್ರತಿ ಹೆಂಗಸಿಗೂ ಒಂದು ಪುಟ: ತವರಿನ ಹೆಸರು, ಅತ್ತೆಮನೆಯ ಹೆಸರು, ಕರೆಯುತ್ತಿದ್ದ ಹೆಸರು. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟಿದ್ದೇನೆ, ಗೊತ್ತಿದ್ದವರು ಬರೆಯಲಿ. ಒಂದು ಪ್ರತಿ ಹೊಳೆಯಾಚೆ ದೊಡ್ಡತ್ತಿಯ ಮನೆಯಲ್ಲಿದೆ, ಒಂದು ನರ್ಸ್ ಹುಡುಗಿಯ ಬಳಿ. ಚಿಗವ್ವ ತನ್ನ ಪುಟವನ್ನು ಮೊಮ್ಮಗಳ ಕೈಲಿ ಓದಿಸಿ, ಎರಡು ಸಾಲು ಹೊಡೆಸಿ, ಒಂದು ಸಾಲು ಹೊಸದಾಗಿ ಬರೆಸಿದ್ದಾಳೆ. ಏನು ಬರೆಸಿದಳೆಂದು ಹೇಳುವುದಿಲ್ಲ.

ಕಾಕಾನ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ತಿರುವಿದರು. ಅವರವ್ವನ ಪುಟದಲ್ಲಿ ನಿಂತರು. "ಇದು ತಪ್ಪೈತಿ. ಅಕಿ ತವರಾಗಿನ ಹೆಸರು ಇದಲ್ಲ" ಎಂದು ಸರಿಯಾದದ್ದನ್ನು ಹೇಳಿದರು. ಬರೆದುಕೊಂಡೆ. ಉಡಿಕಿ ಮನೆಯ ಪುಟಗಳು ಬಂದಾಗ ನೋಟ್‌ಬುಕ್ ಮುಚ್ಚಿ ಕಪಾಟಿನ ಮೇಲಿಟ್ಟರು, ಒಳಗಿಡಲಿಲ್ಲ. ಫ್ಲೆಕ್ಸು ಗೋಡೆಯ ಮೇಲಿರಲಿಲ್ಲ. ಮಳೆ ಹಿಡಿದಿತ್ತು, ಅಂಗಳದಲ್ಲಿ ಗೋವಿನಜೋಳದ ರಾಶಿಗೆ ಹೊದಿಸಿದ್ದರು, ಮರ ಕೆಳಗೆ ಮಾಡಿ.